ಹಳೆಯ ಕ್ಯಾಡ್ ನಕ್ಷೆಯಿಂದ ಹೊಸ ರೆಂಡರಿಂಗ್‌ಗೆ: ಕೊಬ್ಬರಿ ಅಟ್ಟದ ಉದಾಹರಣೆ

ಹಳೆಯ ಕ್ಯಾಡ್ ನಕ್ಷೆಯಲ್ಲಿ ಇರುವುದು ಬಹುಮಟ್ಟಿಗೆ ಗೆರೆಗಳು. ಗೋಡೆಗೆ ಜೋಡಿ ಗೆರೆ, ಬಾಗಿಲಿಗೆ ಬಾಗಿದ ಗೆರೆ, ಅಟ್ಟಕ್ಕೆ ತುಂಡುಗೆರೆ. ಮೇಸ್ತ್ರಿಗೆ ಅಷ್ಟು ಸಾಕು. ರೆಂಡರಿಂಗ್ ತಂತ್ರಾಂಶಕ್ಕೆ ಸಾಲದು. ಅದಕ್ಕೆ ಎತ್ತರ ಬೇಕು, ದಪ್ಪ ಬೇಕು, ಬೆಳಕು ಬಿದ್ದು ಚದುರಲು ಮೇಲ್ಮೈ ಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹೆಂಚಿನ ಮನೆ ಮತ್ತು ಅದರ ಕೊಬ್ಬರಿ ಅಟ್ಟವನ್ನು ಮುಂದಿಟ್ಟುಕೊಂಡರೆ ಈ ಕೆಲಸದ ಒಂದೊಂದು ಹಂತವೂ ಸ್ಪಷ್ಟವಾಗುತ್ತದೆ.

ಮೊದಲ ಹಂತ, ಫೈಲಿನ ಆವೃತ್ತಿ. ಆಟೋಕ್ಯಾಡ್ ಬಂದದ್ದು 1982ರಲ್ಲಿ. ಅಂದಿನಿಂದ ಅದರ ಡಿಡಬ್ಲ್ಯುಜಿ ಫೈಲಿನ ಒಳರಚನೆ ಹಲವು ಸಲ ಬದಲಾಗಿದೆ. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ 6 ಅಕ್ಷರಗಳೇ ಆವೃತ್ತಿಯನ್ನು ಹೇಳುತ್ತವೆ: ಎಸಿ1014 ಎಂದಿದ್ದರೆ ರಿಲೀಸ್ 14, ಎಸಿ1032 ಎಂದಿದ್ದರೆ 2018ರ ರಚನೆ. ಮೂಲ ಫೈಲನ್ನು ಮುಟ್ಟದೆ ಎತ್ತಿಟ್ಟು, ಪ್ರತಿಯನ್ನು ಮಾತ್ರ ಹೊಸ ಆವೃತ್ತಿಗೆ ಇಲ್ಲವೆ ಡಿಎಕ್ಸ್‌ಎಫ್‌ಗೆ ಬದಲಿಸಬೇಕು. ಬ್ಲೆಂಡರ್‌ನಂಥ ತಂತ್ರಾಂಶ ಡಿಡಬ್ಲ್ಯುಜಿಯನ್ನು ನೇರವಾಗಿ ತೆರೆಯುವುದಿಲ್ಲ.

ಎರಡನೆಯದು, ಶುಚಿ ಮಾಡುವುದು. ಆಡಿಟ್ ಆಜ್ಞೆ ಫೈಲಿನ ದೋಷಗಳನ್ನು ಸರಿಪಡಿಸುತ್ತದೆ, ಪರ್ಜ್ ಬಳಕೆಯಲ್ಲಿಲ್ಲದ ಲೇಯರ್ ಮತ್ತು ಬ್ಲಾಕ್‌ಗಳನ್ನು ತೆಗೆಯುತ್ತದೆ, ಓವರ್‌ಕಿಲ್ ಒಂದರ ಮೇಲೊಂದು ಬಿದ್ದ ಗೆರೆಗಳನ್ನು ಅಳಿಸುತ್ತದೆ. ಮೂಲೆಯಲ್ಲಿ ಗೆರೆಗಳು ಕೂದಲೆಳೆಯಷ್ಟು ಕೂಡದಿದ್ದರೂ ಗೋಡೆ ಮುಚ್ಚಿದ ಆಕಾರವಾಗದು. ಮುಚ್ಚದ ಆಕಾರವನ್ನು ಎತ್ತರಿಸಿದರೆ ಗಟ್ಟಿ ಗೋಡೆ ಏಳದು.

ಮೂರನೆಯದು, ಅಳತೆಯ ಮಾನ. ಅಡಿ-ಅಂಗುಲದ ನಕ್ಷೆಯಲ್ಲಿ ಒಂದು ಮಾನವೆಂದರೆ ಒಂದು ಅಂಗುಲ. 30 ಅಡಿ ಅಂತರದ ತೆಂಗಿನ ಸಾಲು ಅಲ್ಲಿ 360 ಎಂದು ದಾಖಲಾಗಿರುತ್ತದೆ. ಹೊಸ ತಂತ್ರಾಂಶ ಅದನ್ನು ಮೀಟರ್ ಎಂದುಕೊಂಡರೆ ಮರದಿಂದ ಮರಕ್ಕೆ 360 ಮೀಟರ್. ಮಿಲಿಮೀಟರ್ ಎಂದುಕೊಂಡರೆ 36 ಸೆಂಟಿಮೀಟರ್. ಆದ್ದರಿಂದ ಮಾನವನ್ನು ಆಮದಿಗೆ ಮುಂಚೆಯೇ ಗೊತ್ತುಮಾಡಬೇಕು.

ನಾಲ್ಕನೆಯದು, ಮೂಲಬಿಂದು. ಸರ್ವೆಯ ಯುಟಿಎಂ ನಿರ್ದೇಶಾಂಕದಲ್ಲಿ ತಿಪಟೂರಿನ ಉತ್ತರ ದಿಕ್ಕಿನ ಸಂಖ್ಯೆ (ನಾರ್ಥಿಂಗ್) 14 ಲಕ್ಷ ಮೀಟರಿಗೂ ಹೆಚ್ಚು. ಅನೇಕ ರೆಂಡರಿಂಗ್ ತಂತ್ರಾಂಶಗಳು ಬಿಂದುಗಳನ್ನು 32 ಬಿಟ್ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳಲ್ಲಿ ಇಡುತ್ತವೆ. ಇಷ್ಟು ದೊಡ್ಡ ಸಂಖ್ಯೆಗೆ ಆ ಲೆಕ್ಕದಲ್ಲಿ ಸಿಗುವ ಸೂಕ್ಷ್ಮತೆ ಹನ್ನೆರಡೂವರೆ ಸೆಂಟಿಮೀಟರ್ ಮಾತ್ರ. ಅಟ್ಟದ ಪಟ್ಟಿಗಳ ನಡುವಿನ ಎರಡು ಬೆರಳಗಲದ ಸಂದು ಅದರಲ್ಲಿ ಕರಗಿಹೋಗುತ್ತದೆ. ಮನೆಯ ಒಂದು ಮೂಲೆಯನ್ನು ಸೊನ್ನೆಗೆ ತಂದು, ಸರಿಸಿದ ದೂರವನ್ನು ಬರೆದಿಟ್ಟುಕೊಂಡರೆ ತೊಂದರೆ ತೀರುತ್ತದೆ.

ಐದನೆಯದು, ಅಕ್ಷರ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ 'ಅಡುಗೆಮನೆ' ಎಂಬ ಬರಹ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿದರೆ ಯಾವ ಕೋಣೆ ಯಾವುದು ಎಂಬ ಮಾಹಿತಿ ಉಳಿಯುತ್ತದೆ. ಅಂದಿನವರು ಬರೆದ ಆ ಒಂದೆರಡು ಪದ ಹೋದರೆ ಗೆರೆಗಳಿಗೆ ಅರ್ಥ ಹೇಳುವವರೇ ಇಲ್ಲ.

ಇಷ್ಟಾದ ಮೇಲೆ ಎತ್ತರ. ನಕ್ಷೆಯ ತುಂಡುಗೆರೆ ಅಟ್ಟ ಎಲ್ಲಿದೆ ಎನ್ನುತ್ತದೆ, ಎಷ್ಟು ಎತ್ತರದಲ್ಲಿದೆ ಎನ್ನುವುದಿಲ್ಲ. ಅದು ಸಿಗುವುದು ಸೆಕ್ಷನ್ ನಕ್ಷೆಯಲ್ಲಿ. ಅಟ್ಟವನ್ನು ಒಂದೇ ಹಲಗೆಯಾಗಿ ಎಬ್ಬಿಸುವುದು ಸುಲಭ, ಆದರೆ ತಪ್ಪು. ಕಾಯಿ ಅಲ್ಲಿ 8ರಿಂದ 12 ತಿಂಗಳು ಕೂತು, ಒಳಗಿನ ನೀರು ಬತ್ತಿ ಉಂಡೆ ಕೊಬ್ಬರಿಯಾಗುವುದೇ ಗಾಳಿಯಾಡುವುದರಿಂದ. ಅಡಿಕೆ ದಬ್ಬೆಗಳನ್ನೋ ಮರದ ಪಟ್ಟಿಗಳನ್ನೋ ಬಿಡಿಬಿಡಿಯಾಗಿ, ಸಂದು ಬಿಟ್ಟು ಜೋಡಿಸಿದರೆ ಮಾತ್ರ ಗಾಜಿನ ಹೆಂಚಿನಿಂದ ಇಳಿದ ಬೆಳಕು ಕೆಳಗಿನ ನೆಲದ ಮೇಲೆ ಗೀಟುಗೀಟಾಗಿ ಬೀಳುತ್ತದೆ. ಒಂದು ದಬ್ಬೆಯನ್ನು ಬ್ಲಾಕ್ ಮಾಡಿಕೊಂಡು ಮರುಬಳಸಿದರೆ ಫೈಲೂ ಹಗುರ.

ಕೊನೆಯದು ತಾಳೆ. ಕಂಬದಿಂದ ಕಂಬಕ್ಕೆ, ನೆಲದಿಂದ ಅಟ್ಟಕ್ಕೆ, ಬಾಗಿಲಿನ ಅಗಲ: ಈ ಮೂರು ಅಳತೆ ಮಾದರಿಯಲ್ಲೂ ಮನೆಯಲ್ಲಿ ಹಿಡಿದ ಟೇಪಿನಲ್ಲೂ ಒಂದೇ ಬಂದರೆ ನಕ್ಷೆ ರೆಂಡರಿಂಗ್‌ಗೆ ಸಿದ್ಧ.