ಅಡ್ಡೆ ಹೊತ್ತು ಬಂದ ತೋಟಗಾರಿಕೆ

(ತುರುವೇಕೆರೆಯಲ್ಲಿ ರೈತರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಗೂಡಲೂರಿನಿಂದ ಊಟಿಗೆ ಏರುವ ಘಟ್ಟದ ದಾರಿಯಲ್ಲಿ ನಡುವಟ್ಟಂ ಎಂಬ ಊರಿದೆ. ಇಂದು ಅಲ್ಲಿ ಚಹಾ ತೋಟಗಳು ಕಾಣುತ್ತವೆ. 1860ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ಅಲ್ಲಿ ಸಿಂಕೋನಾ ನೆಡಿಸಿತು. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ದೊರೆಯುತ್ತಿದ್ದುದು ಆ ಮರದ ತೊಗಟೆಯಿಂದ. ತೋಟ ಎಬ್ಬಿಸುವ ದುಡಿಮೆಗೆ ಕೈದಿಗಳನ್ನು ಹಚ್ಚಲಾಯಿತು. ಸಿಂಗಪುರ, ಪಿನಾಂಗ್‌ಗಳ ಕಡೆಯಿಂದ ಮದ್ರಾಸ್ ಪ್ರಾಂತ್ಯದ ಸೆರೆಮನೆಗಳಿಗೆ ಸಾಗಿಸಲ್ಪಟ್ಟಿದ್ದ ಚೀನೀಯರೂ ಅವರಲ್ಲಿದ್ದರು.

ಬಿಡುಗಡೆಯಾದ ಬಳಿಕ ಕೆಲವರು ತಾಯ್ನಾಡಿಗೆ ಮರಳಲಿಲ್ಲ. ನಡುವಟ್ಟಂ ಮತ್ತು ಗೂಡಲೂರಿನ ನಡುವಣ ಇಳಿಜಾರಿನಲ್ಲಿ ನೆಲೆನಿಂತರು; ತಮಿಳು ಹೆಣ್ಣುಮಕ್ಕಳೊಡನೆ ಸಂಸಾರ ಹೂಡಿದರು; ತರಕಾರಿ ಬೆಳೆದು, ಒಂದಿಷ್ಟು ಕಾಫಿ ಹಾಕಿ, ಹಸು ಸಾಕಿ ಜೀವನ ನಡೆಸಿದರು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗೆಗಿನ ತನ್ನ 1909ರ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ ಇವರನ್ನು ದಾಖಲಿಸಿದ್ದಾನೆ. ಅವನು ಅವರ ದೇಹದ ಅಳತೆಗಳನ್ನು ತೆಗೆದುಕೊಂಡ. ಅವರ ಪಾತಿ, ಬೀಜ, ಗೊಬ್ಬರಗಳ ವಿಚಾರವನ್ನು ಮಾತ್ರ ಬರೆದಿಡಲಿಲ್ಲ.

ಅದೇ ಕಾಲದಲ್ಲಿ ಕಡಲಾಚೆಯ ಹಲವು ನಾಡುಗಳಲ್ಲಿ ಚೀನೀಯರು ತರಕಾರಿ ಬೆಳೆಯುತ್ತಿದ್ದರು. ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾದ ವಿಕ್ಟೋರಿಯಾ, ನ್ಯೂಜಿಲೆಂಡಿನ ಒಟಾಗೊಗಳಲ್ಲಿ ಚಿನ್ನ ಸಿಕ್ಕಿದ ಸುದ್ದಿ ಕೇಳಿ ಗ್ವಾಂಗ್‌ಡಾಂಗ್ ಪ್ರಾಂತ್ಯದ ಸಾವಿರಾರು ರೈತರು ಹಡಗು ಹತ್ತಿದ್ದರು. ಚಿನ್ನ ಬರಿದಾದಂತೆ ಅನೇಕರು ತಮ್ಮ ಹಳೆಯ ವಿದ್ಯೆಗೆ ಮರಳಿದರು. ಹೊಳೆ, ತೊರೆಗಳ ಬದಿಯ ನೆಲವನ್ನು ಗುತ್ತಿಗೆಗೆ ಹಿಡಿದು, ನಾಲ್ಕಾರು ಮಂದಿ ಕೂಡಿ ದುಡಿದು, ಲಾಭವನ್ನು ಹಂಚಿಕೊಂಡರು. ಹೆಗಲ ಅಡ್ಡೆಯ ಎರಡು ತುದಿಗೆ ನೀರಿನ ಡಬ್ಬ ತೂಗಿಸಿ ಪಾತಿಗೆ ಹನಿಸಿದರು. ಅದೇ ಅಡ್ಡೆಗೆ ಬುಟ್ಟಿ ಕಟ್ಟಿ ಮನೆಮನೆಗೆ ಸೊಪ್ಪು ಮಾರಿದರು. ಸಗಣಿ, ಬೂದಿ, ಮಲಮೂತ್ರ, ಯಾವುದೂ ಅವರಿಗೆ ಕಸವಾಗಿರಲಿಲ್ಲ. ಈ ವಿದ್ಯೆಯ ತವರನ್ನು 1909ರಲ್ಲಿ ಕಂಡುಬಂದ ಅಮೆರಿಕದ ಮಣ್ಣುವಿಜ್ಞಾನಿ ಎಫ್. ಎಚ್. ಕಿಂಗ್ ಬರೆದ ಪುಸ್ತಕ, ಮುಂದೆ ಸಾವಯವ ಕೃಷಿಯ ಚಿಂತನೆಗೆ ಆಧಾರಗ್ರಂಥವಾಯಿತು.

ಅವರ ಸೊಪ್ಪನ್ನು ಉಂಡ ಸಮಾಜ ಅವರನ್ನು ತನ್ನವರೆಂದು ಒಪ್ಪಲಿಲ್ಲ. ವಿಕ್ಟೋರಿಯಾ 1855ರಲ್ಲಿಯೂ ನ್ಯೂಜಿಲೆಂಡ್ 1881ರಲ್ಲಿಯೂ ಚೀನೀಯರ ಮೇಲೆ ತಲಾ 10 ಪೌಂಡ್ ತಲೆಗಂದಾಯ ಹೇರಿದವು. ನ್ಯೂಜಿಲೆಂಡ್ ಅದನ್ನು 1896ರಲ್ಲಿ 100 ಪೌಂಡಿಗೆ ಏರಿಸಿತು. ಅದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2002ರಲ್ಲಿ. ಪೌರತ್ವಕ್ಕೆ ಅನರ್ಹರೆಂದು ದೂರವಿಡಲಾಗಿದ್ದ ಏಷ್ಯಾದವರು ಕೃಷಿಭೂಮಿ ಕೊಳ್ಳದಂತೆ, ಅವರ ಗುತ್ತಿಗೆ ಮೂರು ವರ್ಷ ಮೀರದಂತೆ ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ತಂದಿತು.

ಕೃಷಿವಿಜ್ಞಾನದ ಕಣ್ಣಿಗೆ ಈ ಮೂರು ವರ್ಷದ ಮಿತಿ ಬಹುಮುಖ್ಯವಾದುದು. ಮಣ್ಣು ಒಂದೇ ಮಳೆಗಾಲದಲ್ಲಿ ಹದವಾಗುವುದಿಲ್ಲ. ಇಂದು ಹಾಕಿದ ಕೊಟ್ಟಿಗೆಗೊಬ್ಬರ, ಕೆರೆಗೋಡುಗಳ ಸಾರ ಹಲವು ವರ್ಷ ಹರಡಿ ಫಲ ಕೊಡುತ್ತದೆ. ನಾಳೆ ನೆಲ ಬಿಡಬೇಕಾದವನು ಅದನ್ನು ಏಕೆ ಹೊತ್ತು ತಂದಾನು?

ಇದು ಪರದೇಶದ ಕಥೆ ಮಾತ್ರವಲ್ಲ. ತಮಿಳು ಸೀಮೆಯಿಂದ ಬಂದ ತಿಗಳ ಸಮುದಾಯ ಬೆಂಗಳೂರು, ತುಮಕೂರು ಕಡೆಗಳಲ್ಲಿ ಸೊಪ್ಪು, ತರಕಾರಿ, ಹೂವಿನ ತೋಟಗಳನ್ನು ಕಟ್ಟಿ ಬೆಳೆಸಿತು. ಬೆಂಗಳೂರಿನ ಸಂಪಂಗಿ ಕೆರೆಯನ್ನು ನಂಬಿದ್ದ ಅವರ ತೋಟಗಳು ಕೆರೆಯೊಡನೆಯೇ ಮರೆಯಾದವು. ಕೆರೆಯಿದ್ದ ಜಾಗದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ.

ಈ ತೆಂಗಿನ ಸೀಮೆಯಲ್ಲಿಯೂ ಅದೇ ಪ್ರಶ್ನೆ ಎದುರಿಗಿದೆ. ಸಸಿ ನೆಟ್ಟ ಮೊದಲ ಏಳೆಂಟು ವರ್ಷ, ಮತ್ತೆ ಮರಗಳು ಇಪ್ಪತ್ತೈದರ ಪ್ರಾಯ ದಾಟಿದ ಮೇಲೆ, ತೆಂಗಿನ ಸಾಲುಗಳ ನಡುವೆ ತರಕಾರಿಗೆ ಬೇಕಾದಷ್ಟು ಬಿಸಿಲು ಬೀಳುತ್ತದೆ. ಭೂಮಿಯಿಲ್ಲದವರು ಅಲ್ಲಿ ದುಡಿಯಬಲ್ಲರು. ಆದರೆ 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ನಿಷೇಧಿಸಿದ ಮೇಲೆ ಉಳಿದಿರುವ ಗುತ್ತಿಗೆಯೆಲ್ಲ ಬಾಯಿಮಾತಿನದು. ಗೇಣಿದಾರನಿಗೆ ನೆಲ ಕೊಟ್ಟ ಆ ಕಾನೂನು ದೊಡ್ಡ ಹೆಜ್ಜೆಯೇ ಹೌದು. ಆದರೆ ಅದರಾಚೆ ಉಳಿದವರ ಹೆಸರು ಪಹಣಿಯಲ್ಲಿಲ್ಲ. ಬೆಳೆ ನಷ್ಟವಾದರೆ ಪರಿಹಾರ ಸಲ್ಲುವುದು ಪಹಣಿಯಲ್ಲಿ ಹೆಸರಿದ್ದವರಿಗೆ.

ಆದ್ದರಿಂದ ಎರಡು ಕೆಲಸಗಳು ಊರಿನಿಂದಲೇ ಆರಂಭವಾಗಬಹುದು. ಕೆರೆಯ ಹೂಳೆತ್ತಿ ಗೋಡು ಹಂಚುವಾಗ, ಜಮೀನು ಉಳ್ಳವರೊಡನೆ ಅದರಲ್ಲಿ ದುಡಿಯುವವರಿಗೂ ಪಾಲಿರಲೆಂದು ಗ್ರಾಮಸಭೆ ನಿರ್ಣಯಿಸಲಿ. ಗೋಡು ಹೊಡೆದವರು ಕನಿಷ್ಠ ನಾಲ್ಕೈದು ವರ್ಷ ಅಲ್ಲಿಯೇ ಬೆಳೆಯುವಂತೆ ತೋಟದ ಒಡೆಯರು ಹಿರಿಯರ ಸಮಕ್ಷಮ ಮಾತು ಕೊಡಲಿ. ಎರಡನೆಯದು ವಿದ್ಯಾರ್ಥಿಗಳ ಪಾಲಿನದು. ಸೊಪ್ಪು ಬೆಳೆಯುವವರ ಬಳಿ ಕುಳಿತು ಅವರ ಬೀಜ, ಗೊಬ್ಬರ, ನೀರಿನ ಲೆಕ್ಕವನ್ನು ಅವರ ಮಾತಿನಲ್ಲೇ ಬರೆದಿಡಿ. ಥರ್ಸ್ಟನ್ ಬಿಟ್ಟುಹೋದ ಕೆಲಸ ಅದು.