ಚುಕ್ಕೆ ಗೆರೆಯ ಮಾತು, ಕಂಪ್ಯೂಟರಿನ ಕೈಯಲ್ಲಿ

ಊರಿನಿಂದ ಬಂದು ಭಾಂಡುಪ್, ಮುಲುಂಡ್ ಕಡೆಯ ಕಾರ್ಖಾನೆ, ಹೋಟೆಲುಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ತಂತಿ ಬಂತೆಂದರೆ ಎದೆ ಧಸಕ್ಕೆನ್ನುತ್ತಿತ್ತು. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಅದರ ಮೂಲ ಭಾಷೆಯಾದ ಮೋರ್ಸ್ ಸಂಕೇತ ಮಾತ್ರ ನಿಂತಿಲ್ಲ. 2016ರ ಸೆಪ್ಟೆಂಬರ್ 26ರಂದು ಭಾಂಡುಪ್‌ನ ನೆರೆಯ ಪವಾಯಿಯ ಐಐಟಿ ವಿದ್ಯಾರ್ಥಿಗಳು ಕಟ್ಟಿದ 'ಪ್ರಥಮ್' ಉಪಗ್ರಹ ಆಕಾಶಕ್ಕೇರಿತು. ಬೆಂಗಳೂರಿನ ಪಿಇಎಸ್ ವಿದ್ಯಾರ್ಥಿಗಳ 'ಪೈಸ್ಯಾಟ್' ಕೂಡ ಅದೇ ರಾಕೆಟ್‌ನಲ್ಲಿತ್ತು. ಪ್ರಥಮ್‌ನ ಬೀಕನ್‌ಗೆ ಆರಿಸಿದ್ದು ಇದೇ ಮೋರ್ಸ್ ಸಂಕೇತವನ್ನು. ಅಲ್ಲಿ ಕೀಲಿ ಒತ್ತಲು ಮನುಷ್ಯನಿಲ್ಲ, ಯಂತ್ರವೇ ಒತ್ತಬೇಕು.

ಅದೇ ಕೆಲಸವನ್ನು ನಿಮ್ಮ ಮನೆಯ ಹಳೆಯ ಲಿನಕ್ಸ್ ಕಂಪ್ಯೂಟರ್ ಕೂಡ ಮಾಡಬಲ್ಲದು. ಲೆಕ್ಕ ಸುಲಭ. ಚುಕ್ಕೆಗೆ ಒಂದು ಮಾತ್ರೆಯಾದರೆ ಗೆರೆಗೆ ಮೂರು. ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು ಮಾತ್ರೆಗಳ ಮೌನ. ವೇಗ ಅಳೆಯಲು ಬಳಸುವ 'ಪ್ಯಾರಿಸ್' ಎಂಬ ಪದಕ್ಕೆ ಒಟ್ಟು 50 ಮಾತ್ರೆ. ನಿಮಿಷಕ್ಕೆ 12 ಪದ ಎಂದರೆ 600 ಮಾತ್ರೆ, ಅಂದರೆ ಒಂದು ಚುಕ್ಕೆಗೆ ಸೆಕೆಂಡಿನ ಹತ್ತನೇ ಒಂದು ಪಾಲು. ಇಂಥ ಎಣಿಕೆಯಲ್ಲಿ ಕಂಪ್ಯೂಟರ್ ತಪ್ಪುವುದಿಲ್ಲ, ದಣಿಯುವುದೂ ಇಲ್ಲ.

'ಯುನಿಕ್ಸ್‌ಸಿಡಬ್ಲ್ಯೂ' ಎಂಬ ಉಚಿತ ತಂತ್ರಾಂಶ ನೀವು ಟೈಪ್ ಮಾಡಿದ್ದನ್ನು ಸ್ಪೀಕರಿನಲ್ಲಿ ನುಡಿಸುತ್ತದೆ. 'ಸಿಡಬ್ಲ್ಯೂಡೀಮನ್' ಎಂಬುದು ಸೀರಿಯಲ್ ಪೋರ್ಟಿನ ಡಿಟಿಆರ್ ತಂತಿಯ ಮೂಲಕ ಟ್ರಾನ್ಸ್‌ಮಿಟರಿನ ಕೀಲಿಯನ್ನೇ ಒತ್ತುತ್ತದೆ. ನಡುವೆ ಒಂದು ಟ್ರಾನ್ಸಿಸ್ಟರ್ ಅಥವಾ ಆಪ್ಟೋಕಪ್ಲರ್ ಸಾಕು. ಇಂತಿಷ್ಟು ಹೊತ್ತಿಗೊಮ್ಮೆ ಕಳುಹಿಸು ಎಂದು ಹೇಳಿಡಲು ಲಿನಕ್ಸ್‌ನಲ್ಲೇ 'ಕ್ರಾನ್' ಇದೆ.

ಒಂದು ಎಚ್ಚರಿಕೆ. ಲಿನಕ್ಸ್‌ನಲ್ಲಿ ಸೀರಿಯಲ್ ಪೋರ್ಟ್ ತೆರೆದೊಡನೆ ಡಿಟಿಆರ್ ತಾನಾಗಿ ಮೇಲೇಳುತ್ತದೆ. ಆಗ ನೀವು ಏನೂ ಕಳುಹಿಸದಿದ್ದರೂ ಟ್ರಾನ್ಸ್‌ಮಿಟರ್ ಚಾಲೂ ಆಗಬಹುದು. ಆದ್ದರಿಂದ ಕಂಪ್ಯೂಟರ್ ಶುರುವಾಗಿ ತಂತ್ರಾಂಶ ಸಿದ್ಧವಾದ ಮೇಲೆಯೇ ಟ್ರಾನ್ಸ್‌ಮಿಟರಿಗೆ ಕರೆಂಟು ಕೊಡಿ. ಕೈಗೆಟಕುವಲ್ಲಿ ಬೇರೆಯೇ ಒಂದು ಸ್ವಿಚ್ ಇರಲಿ.

ಇನ್ನು ಕಾನೂನು. ಸ್ಪೀಕರಿನಲ್ಲಿ ನುಡಿಸಲು ಯಾರ ಅಪ್ಪಣೆಯೂ ಬೇಡ. ಗಾಳಿಗೆ ಬಿಡಬೇಕಾದರೆ ಕೇಂದ್ರ ಸರ್ಕಾರದ ಹವ್ಯಾಸಿ ರೇಡಿಯೋ ಪರವಾನಗಿ ಬೇಕೇ ಬೇಕು. ಜಗತ್ತಿನಲ್ಲಿ ಇಂಥ ಯಂತ್ರಗಳು ಹೇಗೆ ಶಿಸ್ತಿನಿಂದ ನಡೆಯುತ್ತವೆ ನೋಡಿ. ಅಂತರರಾಷ್ಟ್ರೀಯ ಬೀಕನ್ ಯೋಜನೆಯಲ್ಲಿ 18 ಕೇಂದ್ರಗಳಿವೆ. ನಮಗೆ ಹತ್ತಿರದ್ದು ಶ್ರೀಲಂಕಾದ್ದು. ಒಂದೇ ತರಂಗದಲ್ಲಿ ಪ್ರತಿಯೊಂದಕ್ಕೂ ಹತ್ತು ಸೆಕೆಂಡಿನ ಸರದಿ, ಮೂರು ನಿಮಿಷಕ್ಕೆ ಒಂದು ಸುತ್ತು. ತನ್ನ ಹೆಸರು ಹೇಳಿ, ನಾಲ್ಕು ಗೆರೆ ಎಳೆದು ಸುಮ್ಮನಾಗಬೇಕು. ಕೊನೆಯ ಗೆರೆಗೆ ಒಂದು ವಾಟ್‌ನ ಹತ್ತನೇ ಒಂದು ಪಾಲು ಶಕ್ತಿ. ಅದು ಕೇಳಿಸಿತೆಂದರೆ ಆ ದಾರಿ ತೆರೆದಿದೆ ಎಂದೇ ಅರ್ಥ.

ಇಷ್ಟೆಲ್ಲ ಯಾಕೆ ಎನ್ನುತ್ತೀರಾ? 2005ರ ಜುಲೈ 26 ನಿಮಗೆ ಮರೆತಿರಲಾರದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ರೈಲು ನಿಂತಿತು, ಕರೆಂಟು ಹೋಯಿತು, ಮೊಬೈಲು ಮೂಕವಾಯಿತು. ಅಂಥ ಹೊತ್ತಿನಲ್ಲಿ ಒಂದು ಬ್ಯಾಟರಿ, ಒಂದು ತುಂಡು ತಂತಿ, ಸಣ್ಣ ಟ್ರಾನ್ಸ್‌ಮಿಟರ್ ಸಾಕು, ಮಾತು ಮುಟ್ಟದ ಕಡೆಗೂ ಮೋರ್ಸ್ ಮುಟ್ಟುತ್ತದೆ. ಆದರೆ ಕೇಳಿ ಅರ್ಥಮಾಡಿಕೊಳ್ಳುವ ಕಿವಿ ಇರಬೇಕು. ಎಲ್ಲ ಯಂತ್ರಗಳೂ ಕೂಗುತ್ತಲೇ ಇದ್ದು ಕೇಳುವವರೇ ಇಲ್ಲದಿದ್ದರೆ ಏನು ಪ್ರಯೋಜನ?

ಆದ್ದರಿಂದ ನನ್ನ ವಿನಂತಿ ಇಷ್ಟೆ. ಕಂಪ್ಯೂಟರನ್ನು ಮೊದಲು ಗುರುವಾಗಿ ಮಾಡಿಕೊಳ್ಳಿ. ಮನೆಯ ಮಕ್ಕಳೊಂದಿಗೆ ದಿನಕ್ಕೆ ಹದಿನೈದು ನಿಮಿಷ ಕೂತು, ಅದು ನುಡಿಸಿದ್ದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕಳುಹಿಸುವ ಕೆಲಸಕ್ಕೆ ಯಂತ್ರವಿದೆ. ಕೇಳುವ ಕೆಲಸ ನಮ್ಮದೇ.