ಅಪಘಾತವಿಲ್ಲದ ವರ್ಷಗಳು ಯಾರ ಲೆಕ್ಕಕ್ಕೆ?

(ಹೊನ್ನಾವರದಲ್ಲಿ ವಾಹನ ಚಾಲಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಧಾರವಾಡದ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟವಿಳಿದು ಕುಮಟೆಯ ಬಂದರಿಗೆ ಬರುತ್ತಿದ್ದ ಕಾಲದಲ್ಲಿ ಗಾಡಿ ಹೊಡೆಯುವವನಿಗೆ ವಿಮೆಯ ಚಿಂತೆಯಿರಲಿಲ್ಲ. ಇಂದು ಕಾಸರಕೋಡ ಬಂದರಿನಿಂದ ಮೀನು ಹೊರುವ ಟೆಂಪೊ, ಗಿರಣಿಯಿಂದ ಅಕ್ಕಿ ಸಾಗಿಸುವ ಲಾರಿ, ಭಟ್ಕಳದ ಪೇಟೆಯ ಆಟೋರಿಕ್ಷಾ, ಯಾವುದೂ ವಿಮೆಯಿಲ್ಲದೆ ಹೆದ್ದಾರಿಗೆ ಇಳಿಯುವಂತಿಲ್ಲ. 1939ರ ಮೋಟಾರು ವಾಹನ ಕಾಯ್ದೆಯ ಈ ಕಡ್ಡಾಯ 1946ರ ಜುಲೈ 1ರಿಂದ ಜಾರಿಗೆ ಬಂತು. 1988ರ ಕಾಯ್ದೆಯ 146ನೆಯ ಕಲಮು ಅದನ್ನೇ ಮುಂದುವರಿಸಿದೆ. ದಾರಿಯಲ್ಲಿ ಹೋಗುವ ಬಡವನಿಗೆ ಗಾಡಿ ಬಡಿದರೆ ಅವನ ಮನೆಮಂದಿಗೆ ಪರಿಹಾರ ಸಿಗಲೇಬೇಕು. ಈ ಕಡ್ಡಾಯವನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಸಾರಿಗೆ ಸಂಸ್ಥೆಯ ಬಸ್ಸುಗಳಿಗೆ ಪ್ರತ್ಯೇಕ ನಿಧಿ ಇಟ್ಟುಕೊಂಡರೆ ವಿನಾಯಿತಿ ಪಡೆಯಲು ಅವಕಾಶವಿದೆ, ಆ ಮಾತು ಬೇರೆ.

ಇಂದು ನಾವು ಮಾತಾಡಲು ಬಂದದ್ದು ಒಂದು ಕಾಗದದ ಬಗ್ಗೆ. ಒಬ್ಬನು ಎಷ್ಟು ವರ್ಷ ಕ್ಲೇಮು ಮಾಡದೆ ಗಾಡಿ ಇಟ್ಟುಕೊಂಡಿದ್ದಾನೆ ಎಂದು ಹೇಳುವ ಕಾಗದ. ಕಂಪೆನಿಯವರ ಭಾಷೆಯಲ್ಲಿ ಅದರ ಫಲ 'ನೋ ಕ್ಲೇಮ್ ಬೋನಸ್'.

ಮೊದಲು ಲೆಕ್ಕ ನೋಡೋಣ. ಒಂದು ವರ್ಷ ಕ್ಲೇಮು ಇಲ್ಲದಿದ್ದರೆ ಪ್ರೀಮಿಯಮ್ಮಿನಲ್ಲಿ ಶೇಕಡಾ 20 ಸೋಡಿ. ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ನಡುವೆ ಒಂದು ಕ್ಲೇಮು ಮಾಡಿದರೆ ಮತ್ತೆ ಸೊನ್ನೆ. ಸೋಡಿಯಿಲ್ಲದ ಪ್ರೀಮಿಯಮ್ಮು 8,000 ರೂಪಾಯಿ ಎಂದಿಟ್ಟುಕೊಳ್ಳಿ. 50ರ ಬೋನಸ್ಸಿನವನು 4,000 ಕಟ್ಟುತ್ತಾನೆ. ಗಾಡಿಯ ಬಾಗಿಲು ನೆಗ್ಗಿತೆಂದು 3,000ದ ಕ್ಲೇಮು ಮಾಡಿದನೋ, ಮುಂದಿನ ಐದು ವರ್ಷ ಅವನು ಕಟ್ಟಬೇಕಾದದ್ದು 8,000, 6,400, 6,000, 5,200, 4,400. ಹೆಚ್ಚುವರಿ ಒಟ್ಟು 10,000 ರೂಪಾಯಿ! ಸಣ್ಣ ರಿಪೇರಿಯನ್ನು ಕೈಯಿಂದ ಮಾಡಿಸುವುದೇ ಲೇಸು ಎಂದು ನಾವು ಹೇಳುವುದು ಇದಕ್ಕಾಗಿ. ಏಜೆಂಟರು ಇದನ್ನು ಬಿಡಿಸಿ ಹೇಳುವುದು ಅಪರೂಪ.

ಆದರೆ ಈ ಸೋಡಿ ಇರುವುದು ನಮ್ಮ ಗಾಡಿಗೆ ಆಗುವ ಹಾನಿಯ ಭಾಗಕ್ಕೆ ಮಾತ್ರ. ಅನ್ಯರಿಗೆ ಆಗುವ ಹಾನಿಯ ಭಾಗಕ್ಕೆ, ಅಂದರೆ ಕಾನೂನು ಕಡ್ಡಾಯ ಮಾಡಿದ ಭಾಗಕ್ಕೆ, ದರ ಸರಕಾರದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714 ರೂಪಾಯಿ. ಇಪ್ಪತ್ತು ವರ್ಷ ಒಂದು ಕೋಳಿಗೂ ತಾಗಿಸದವನಿಗೂ ಅಷ್ಟೇ, ವರ್ಷಕ್ಕೆರಡು ಬಾರಿ ಜನರನ್ನು ಕೆಡವುವವನಿಗೂ ಅಷ್ಟೇ. ಹಳೆಯ ಬೈಕಿಗೆ ಕಡ್ಡಾಯ ವಿಮೆಯೊಂದನ್ನೇ ಮಾಡಿಸುವ ಗಿರಣಿ ಕೆಲಸಗಾರನ ಒಳ್ಳೆಯ ನಡತೆಗೆ ಯಾವ ಲೆಕ್ಕವೂ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ 2005ರ ಕಾನೂನಿನಂತೆ ಈ ಹೊಣೆಗಾರಿಕೆಯ ಭಾಗಕ್ಕೇ ಕಳೆದ ಐದು ವರ್ಷಗಳ ಕ್ಲೇಮು ದಾಖಲೆಯನ್ನು ಕೇಳುವ ಹಕ್ಕು ವಿಮೆದಾರನಿಗೆ ಸಿಕ್ಕಿತು. ಕೇಳಿದ 15 ದಿನದೊಳಗೆ ಕಂಪೆನಿ ಕೊಡಬೇಕು. ಹಕ್ಕು ಎಂಬ ಮಾತನ್ನು ಗಮನಿಸಿ.

ನಮ್ಮಲ್ಲಿ ಏನಿದೆ? 2002ರ ಮೋಟಾರು ದರಪಟ್ಟಿಯ ನಿಯಮ ಇದೆ. ಸ್ವಂತ ಹಾನಿಯ ದರಗಳು 2007ರಲ್ಲಿ ಸಡಿಲವಾದರೂ ಬೋನಸ್ಸಿನ ವಿಷಯದಲ್ಲಿ ಕಂಪೆನಿಗಳು ಬಹುಮಟ್ಟಿಗೆ ಅದನ್ನೇ ಹಿಡಿದು ನಡೆದಿವೆ. ಕಂಪೆನಿ ಬದಲಿಸುವಾಗ ಹಳೆಯ ಕಂಪೆನಿಯ ಪತ್ರ ತೋರಿಸಬೇಕು. ಪತ್ರ ಇಲ್ಲದಿದ್ದರೆ 'ನಾನು ಕ್ಲೇಮು ಮಾಡಿಲ್ಲ' ಎಂದು ಸಹಿ ಹಾಕಿಕೊಡಬೇಕು. ಆ ಮಾತು ಸುಳ್ಳಾದರೆ ಸ್ವಂತ ಹಾನಿಯ ಭಾಗದ ಪರಿಹಾರವೆಲ್ಲ ಹೋಯಿತು. ಪೆಟ್ಟು ತಿಂದ ಅನ್ಯನ ಪರಿಹಾರಕ್ಕೆ ಈ ಶರತ್ತು ತಾಗುವುದಿಲ್ಲ, ಅದು ಸಮಾಧಾನ. ಆದರೆ ಸಹಿಯ ಮೇಲಿನ ಸಾಲನ್ನು ಬರೆಯುವವರು ಯಾರು? ಪ್ರೀಮಿಯಮ್ಮು ಅಗ್ಗವಾಗಿ ಕಾಣಲೆಂದು ಏಜೆಂಟನೇ 50 ಎಂದು ಬರೆದುಬಿಡಬಹುದು. ಇಂಗ್ಲಿಷ್ ಅರ್ಜಿಗೆ ಟೆಂಪೊ ಮಾಲಿಕ ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ. ಗಾಡಿ ದೇವಿಮನೆ ಘಟ್ಟದಲ್ಲಿ ಮಗುಚಿದ ಮೇಲೆ ಕಂಪೆನಿಗೆ ಹಳೆಯ ಕಡತದ ನೆನಪಾಗುತ್ತದೆ.

ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಸಹಿಯನ್ನು ನಂಬಿ ಬೋನಸ್ಸು ಕೊಟ್ಟ ಕಂಪೆನಿ 21 ದಿನದೊಳಗೆ ಹಳೆಯ ಕಂಪೆನಿಗೆ ಬರೆದು ಕೇಳಬೇಕು. ಹಳೆಯದು 30 ದಿನದೊಳಗೆ ಉತ್ತರಿಸಬೇಕು. ಆಗ ಕೇಳದೆ ಪ್ರೀಮಿಯಮ್ಮು ಜೇಬಿಗಿಳಿಸಿಕೊಂಡು, ದುಡ್ಡು ಕೊಡುವ ದಿನ ಬಂದಾಗ ತನಿಖೆ ಶುರು ಮಾಡುವುದು ಯಾವ ನ್ಯಾಯ? ಹೈದರಾಬಾದಿನ ವಿಮಾ ಮಾಹಿತಿ ಬ್ಯೂರೋದಲ್ಲಿ ದೇಶದ ಮೋಟಾರು ಪಾಲಿಸಿಗಳ, ಕ್ಲೇಮುಗಳ ಮಾಹಿತಿ ಕೂಡಿರುತ್ತದೆ. ಗೊತ್ತಿರಲಿಲ್ಲ ಎಂಬ ನೆವ ಇಂದು ಸಲ್ಲದು.

ಎಲ್ಲಕ್ಕಿಂತ ನಮ್ಮನ್ನು ಕಾಡುವುದು ಚಾಲಕನ ವಿಷಯ. ಬೋನಸ್ಸು ಗಾಡಿಗೆ ಅಂಟಿದ್ದಲ್ಲ, ವಿಮೆ ಮಾಡಿಸಿದವನಿಗೆ ಅಂಟಿದ್ದು. ಗಾಡಿ ಮಾರಿದರೂ ಪತ್ರ ಪಡೆದುಕೊಂಡರೆ ಮೂರು ವರ್ಷದೊಳಗೆ ಅದೇ ವರ್ಗದ ಬೇರೆ ಗಾಡಿಗೆ ಹಚ್ಚಬಹುದು. ಸರಿ. ಆದರೆ ಹದಿನೈದು ವರ್ಷ ರಾತ್ರಿ ನಿದ್ದೆಗೆಟ್ಟು ಮಳೆಗಾಲದ ಘಟ್ಟದಲ್ಲಿ ಲಾರಿಯನ್ನು ಜೋಪಾನವಾಗಿ ಇಳಿಸಿದವನು ಯಾರು? ಸಂಬಳದ ಚಾಲಕ. ಬೋನಸ್ಸು ಯಾರದು? ಮಾಲಿಕರದು. ಆ ಚಾಲಕ ಸಾಲಮಾಡಿ ತನ್ನದೊಂದು ಹಳೆಯ ಟೆಂಪೊ ಕೊಂಡ ದಿನ ಅವನ ದಾಖಲೆ ಸೊನ್ನೆ. ಗಾಡಿ ಮಾರಿದವನ ಬೋನಸ್ಸೂ ಅವನಿಗೆ ಬರುವುದಿಲ್ಲ. ಗಾಡಿಗೆ ಒಂದು ಗೀರು ಬಿದ್ದರೆ ಮಾತ್ರ 'ನನ್ನ ಬೋನಸ್ಸು ಹೋಯಿತು' ಎಂದು ಮಾಲಿಕರು ಚಾಲಕನ ಸಂಬಳ ಮುರಿಯುವುದುಂಟು. ಲಾಭ ಬಂಡವಾಳಕ್ಕೆ, ನಷ್ಟ ದುಡಿಮೆಗೆ! 1973ರ ಜನವರಿ 1ರಂದು 107 ವಿಮಾ ಕಂಪೆನಿಗಳನ್ನು ರಾಷ್ಟ್ರೀಕರಿಸಿ ನಾಲ್ಕು ಸರಕಾರಿ ಕಂಪೆನಿಗಳಾಗಿ ಮಾಡಿದಾಗಲೂ ಈ ಲೆಕ್ಕ ಬದಲಾಗಲಿಲ್ಲ. 1999ರ ಕಾಯ್ದೆಯಿಂದ ಖಾಸಗಿಯವರು ಮರಳಿ ಬಂದ ಮೇಲಂತೂ ಕೇಳುವುದೇ ಬೇಡ.

ಆದ್ದರಿಂದ ನಾವು ಕೇಳುವುದು ಇಷ್ಟು: ಸಂಬಳದ ಚಾಲಕನ ಹೆಸರಿನಲ್ಲೂ ಅಪಘಾತವಿಲ್ಲದ ವರ್ಷಗಳ ದಾಖಲೆ ಇರಲಿ, ಅವನು ಸ್ವಂತ ಗಾಡಿ ಕೊಂಡಾಗ ಅದು ಲೆಕ್ಕಕ್ಕೆ ಬರಲಿ. ಪತ್ರ ಕನ್ನಡದಲ್ಲಿ, ಖರ್ಚಿಲ್ಲದೆ, ದಿನ ಗೊತ್ತುಮಾಡಿ ಸಿಗಲಿ.

ಅಲ್ಲಿಯವರೆಗೆ ಇರುವುದನ್ನಾದರೂ ಬಿಡಬೇಡಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ಸು ಕಳೆದಂತೆ. ಮನೆಯ ಯಜಮಾನರು ತೀರಿಕೊಂಡು ಗಾಡಿ ಹೆಂಡತಿಗೋ ಮಕ್ಕಳಿಗೋ ತಂದೆತಾಯಿಗಳಿಗೋ ಬಂದರೆ ಅವರ ಬೋನಸ್ಸೂ ಬರುತ್ತದೆ, ದುಃಖದಲ್ಲಿ ಅದನ್ನು ಮರೆಯುವುದು ಸಹಜ. ಗಲ್ಫಿನಿಂದ ಮರಳುವ ಭಟ್ಕಳದ ಅಣ್ಣತಮ್ಮಂದಿರಿಗೂ ಒಂದು ಮಾತು: ಅಲ್ಲಿ ಸ್ವಂತ ಕಾರಿನ ವಿಮೆಯಲ್ಲಿ ಗಳಿಸಿದ ಬೋನಸ್ಸನ್ನು, ಆ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಪುರಾವೆ ತೋರಿಸಿದರೆ ಇಲ್ಲಿ ಮಾನ್ಯ ಮಾಡಲು ಅದೇ 2002ರ ನಿಯಮದಲ್ಲಿ ಅವಕಾಶವಿದೆ. ವಿಮಾನ ಹತ್ತುವ ಮೊದಲೇ ಅಲ್ಲಿಯ ಕಚೇರಿಯಿಂದ ಪತ್ರ ಬರೆಸಿಕೊಂಡು ಬನ್ನಿ.